ಮಬ್ಬು ಬೆಳಕಿನಲ್ಲಿ ಪುಟ್ಟ ಕ್ಯಾಮೆರಾದ ಪರೀಕ್ಷೆ

ಆಷಾಢದ ಮಧ್ಯಾಹ್ನ ಮೂರು ಗಂಟೆಗೆ ಮೂಡಿಗೆರೆಯ ಆಚೆ ಯಾವುದಾದರೂ ಕಾಫಿ ತೋಟದೊಳಕ್ಕೆ ಕಾಲಿಟ್ಟರೆ ಆಗಲೇ ಸಂಜೆಯಾಯಿತೇನೋ ಎನಿಸುತ್ತದೆ. ಮೇಲೆ ಹಲಸು, ಅತ್ತಿ, ನಂದಿ, ಮತ್ತಿ ಮರಗಳ ಚಪ್ಪರ. ಅದರ ಮೇಲೆ ಮೋಡದ ಇನ್ನೊಂದು ಚಪ್ಪರ. ಕೆಳಗೆ ಕಂಬಳಿ ಕೊಪ್ಪೆ ಹೊದ್ದು ಕಳೆ ತೆಗೆಯುವ ಆಳು. ಈಗೀಗ ಕಂಬಳಿಯ ಜಾಗದಲ್ಲಿ ಪ್ಲಾಸ್ಟಿಕ್ ಹಾಳೆಯೇ ಹೆಚ್ಚು. ಅವರ ಬೆನ್ನ ಹಿಂದೆ ಬೆಳ್ಳಗೆ ತೇಲಿ ಬರುವ ಮಂಜು. ಕಣ್ಣಿಗೆ ಇದು ಹಬ್ಬವಾದರೂ ಕ್ಯಾಮೆರಾಕ್ಕೆ ಇದಕ್ಕಿಂತ ಕಠಿಣವಾದ ಪರೀಕ್ಷೆ ಇನ್ನೊಂದಿಲ್ಲ. ಬೆಳಕು ಕಡಿಮೆ, ನೀರು ಹೆಚ್ಚು, ಕಪ್ಪು ಮತ್ತು ಬಿಳುಪು ಎರಡೂ ಒಂದೇ ಚೌಕಟ್ಟಿನಲ್ಲಿ.

ಜೇಬಿನಲ್ಲಿ ಹಿಡಿಯುವ, ಆದರೆ ಬೆಲೆಯಲ್ಲಿ ದೊಡ್ಡ ಕ್ಯಾಮೆರಾಗಳಿಗೂ ಸೆಡ್ಡು ಹೊಡೆಯುವ ಡಿಜಿಟಲ್ ಕ್ಯಾಮೆರಾಗಳು ಕಳೆದ ಹದಿನೈದು ವರ್ಷಗಳಲ್ಲಿ ಹವ್ಯಾಸಿ ಛಾಯಾಗ್ರಾಹಕರ ಆಸೆಯ ವಸ್ತುವಾಗಿವೆ. 2024ರಲ್ಲಿ ಬಂದ ಫ್ಯೂಜಿಫಿಲ್ಮ್ ಎಕ್ಸ್100-ಆರು ಎಂಬ ಕ್ಯಾಮೆರಾದ ಬೆಲೆ ಭಾರತದಲ್ಲಿ ಒಂದೂವರೆ ಲಕ್ಷ ರೂಪಾಯಿ ದಾಟಿತ್ತು. ಅಷ್ಟು ಕೊಟ್ಟರೂ ಸಿಗುವುದು ಕಳಚಲಾಗದ ಒಂದೇ ಒಂದು ಲೆನ್ಸು, ಅದರಲ್ಲಿ ಜೂಮ್ ಕೂಡ ಇಲ್ಲ. ಆದರೂ ಅದಕ್ಕಾಗಿ ಹಲವು ದೇಶಗಳಲ್ಲಿ ಜನ ತಿಂಗಳುಗಟ್ಟಲೆ ಸರದಿಯಲ್ಲಿ ಕಾದರು. ಒಬ್ಬ ಶಾಲಾ ಮಾಸ್ತರರೋ ಸಣ್ಣ ಬೆಳೆಗಾರರೋ ಹವ್ಯಾಸಕ್ಕಾಗಿ ಇಷ್ಟು ಹಣ ತೆಗೆದಿಡುವಾಗ ಯಾವ ಅಳತೆಗೋಲಿನಿಂದ ಅದನ್ನು ಅಳೆಯಬೇಕು? ಅಂಗಡಿಯವರು ಹೇಳುವ ಮೆಗಾಪಿಕ್ಸೆಲ್ ಲೆಕ್ಕ ಇಲ್ಲಿ ಹೆಚ್ಚು ದೂರ ಬರುವುದಿಲ್ಲ. ಪುಟ್ಟ ಕ್ಯಾಮೆರಾ ಯಾವ ಕಷ್ಟದಿಂದ ಹುಟ್ಟಿತು ಎಂಬ ಕಥೆ ಇದಕ್ಕೆ ಮೆಗಾಪಿಕ್ಸೆಲ್‌ಗಿಂತ ಒಳ್ಳೆಯ ದಾರಿ ತೋರಿಸುತ್ತದೆ.

ಕಾಫಿ ಸೀಮೆಯ ಅಂಚಿನಲ್ಲೇ ಇರುವ ಹಳೇಬೀಡಿಗೆ ಕ್ಯಾಮೆರಾ ಬಹಳ ಬೇಗ ಬಂದಿತ್ತು. ರಿಚರ್ಡ್ ಬ್ಯಾನರ್ ಓಕ್ಲಿ ಎಂಬ ಸೇನಾಧಿಕಾರಿ ಅಲ್ಲಿನ ಹೊಯ್ಸಳ ದೇವಾಲಯದ ಚಿತ್ರಗಳನ್ನು ತೆಗೆದು 1859ರಲ್ಲಿ ಲಂಡನ್‌ನಲ್ಲಿ ಸಂಪುಟವಾಗಿ ಹೊರತಂದ. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಡಾ. ವಿಲಿಯಂ ಪಿಗೌ ಮತ್ತು ಡಾ. ನೀಲ್ ಎಂಬ ವೈದ್ಯರು ಮೈಸೂರು ಹಾಗೂ ಧಾರವಾಡ ಸೀಮೆಯ ಕಟ್ಟಡಗಳನ್ನು ಚಿತ್ರಿಸಿದರು. ಆ ಚಿತ್ರಗಳು 1866ರಲ್ಲಿ ಪುಸ್ತಕವಾದವು. ಕಲ್ಲಿನ ದೇವಾಲಯವನ್ನೇ ಇವರೆಲ್ಲ ಆರಿಸಿಕೊಂಡದ್ದು ಶಿಲ್ಪದ ಮೇಲಿನ ಪ್ರೀತಿಯಿಂದ ಮಾತ್ರವಲ್ಲ. ಕಲ್ಲು ಅಲುಗಾಡುವುದಿಲ್ಲ. ಅಂದಿನ ಕ್ಯಾಮೆರಾ ಪೆಟ್ಟಿಗೆಯಷ್ಟು ದೊಡ್ಡದು, ಚಿತ್ರ ಮೂಡಲು ಸೆಕೆಂಡುಗಳಿಂದ ನಿಮಿಷಗಳವರೆಗೆ ಬೇಕಿತ್ತು. 1851ರಲ್ಲಿ ಬಳಕೆಗೆ ಬಂದ ಕೊಲೋಡಿಯನ್ ವಿಧಾನದಲ್ಲಂತೂ ಗಾಜಿನ ಫಲಕಕ್ಕೆ ಸ್ಥಳದಲ್ಲೇ ರಸಾಯನ ಬಳಿದು, ಅದು ಹಸಿಯಾಗಿರುವಾಗಲೇ ಚಿತ್ರ ತೆಗೆದು, ಕತ್ತಲೆಯ ಡೇರೆಯೊಳಗೆ ತೊಳೆಯಬೇಕಿತ್ತು. ಕ್ಯಾಮೆರಾದ ಜೊತೆಗೆ ಒಂದು ಪ್ರಯೋಗಾಲಯವೇ ಗಾಡಿಯೇರಿ ಹೋಗಬೇಕು. ಹಳೇಬೀಡಿನ ಬಯಲಿನಲ್ಲಿ ಇದು ಸಾಧ್ಯ. ಬಾಬಾಬುಡನ್‌ಗಿರಿಯ ಕಾಲುದಾರಿಯಲ್ಲಿ, ಅದೂ ಮಳೆಯಲ್ಲಿ, ಅಷ್ಟನ್ನೂ ಹೊತ್ತವರ ಪಾಡನ್ನು ಊಹಿಸಿಕೊಳ್ಳಬಹುದು.

ಒಣ ಫಲಕಗಳು ಬಂದು, 1888ರಲ್ಲಿ ಈಸ್ಟ್‌ಮನ್‌ನ ಕೊಡಕ್ ಬಂದು, 1900ರಲ್ಲಿ ಒಂದು ಡಾಲರಿನ ಬ್ರೌನಿ ಬಂದು ಕ್ಯಾಮೆರಾ ಮನೆಮನೆಯ ವಸ್ತುವಾಯಿತು. ಆದರೆ ಇವೆಲ್ಲ ಬಿಸಿಲಿನ ಕ್ಯಾಮೆರಾಗಳು. ಸೂರ್ಯನಿಗೆ ಬೆನ್ನು ಮಾಡಿ ನಿಂತು ನಗುವ ಮಕ್ಕಳ ಚಿತ್ರ ತೆಗೆಯಲು ಸಾಕು, ಅದಕ್ಕಿಂತ ಮುಂದೆ ಇಲ್ಲ.

ಚಿಕ್ಕದೂ ಇರಬೇಕು, ಗಂಭೀರವಾದ ಕೆಲಸಕ್ಕೂ ಬರಬೇಕು ಎಂಬ ಬಯಕೆ ಮೂಡಿದ್ದು ಬೆಟ್ಟ ಹತ್ತುವವನೊಬ್ಬನ ಏದುಸಿರಿನಿಂದ. ಜರ್ಮನಿಯ ಆಸ್ಕರ್ ಬಾರ್ನಾಕ್ ಸೂಕ್ಷ್ಮ ಯಂತ್ರಗಳ ಕುಶಲಕರ್ಮಿ. ಅಸ್ತಮಾ ರೋಗಿ. ಥುರಿಂಗಿಯಾದ ಕಾಡು ಗುಡ್ಡಗಳಲ್ಲಿ ಭಾರದ ಫಲಕ ಕ್ಯಾಮೆರಾ ಹೊತ್ತು ತಿರುಗುವುದು ಆತನಿಗೆ ಆಗದ ಮಾತಾಗಿತ್ತು. ಚಿಕ್ಕ ನೆಗೆಟಿವ್ ತೆಗೆದು ಆಮೇಲೆ ದೊಡ್ಡದು ಮಾಡಿಕೊಂಡರೆ ಹೇಗೆ ಎಂದು ಯೋಚಿಸಿದ ಆತ, ಲೈಟ್ಜ್ ಕಂಪನಿಯಲ್ಲಿದ್ದಾಗ ಸಿನಿಮಾದ 35 ಮಿಲಿಮೀಟರ್ ಫಿಲ್ಮಿನ ಎರಡು ಚೌಕಟ್ಟುಗಳನ್ನು ಸೇರಿಸಿ 24x36 ಮಿಲಿಮೀಟರಿನ ಚಿತ್ರ ತೆಗೆಯುವ ಪುಟ್ಟ ಯಂತ್ರವನ್ನು 1914ರ ಹೊತ್ತಿಗೆ ಮಾಡಿಟ್ಟಿದ್ದ. ಮಹಾಯುದ್ಧ ಮುಗಿದು, ಜರ್ಮನಿಯ ಹಣದುಬ್ಬರ ಇಳಿದು, 1925ರಲ್ಲಿ ಅದು ಲೈಕಾ ಎಂಬ ಹೆಸರಿನಲ್ಲಿ ಲೈಪ್ಸಿಗ್ ಮೇಳಕ್ಕೆ ಬಂತು. ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನಾ ಕೇಂದ್ರ ಆರಂಭವಾದದ್ದೂ ಅದೇ ವರ್ಷ. ಎರಡಕ್ಕೂ ಸಂಬಂಧವೇನಿಲ್ಲ, ಕಾಲದ ಗುರುತಿಗೆ ಹೇಳಿದ್ದಷ್ಟೆ.

ಈಗಲೂ ‘ಫುಲ್ ಫ್ರೇಮ್’ ಎಂದು ಅಂಗಡಿಯಲ್ಲಿ ಹೇಳುವುದು ಬಾರ್ನಾಕ್‌ನ ಆ 24x36 ಚೌಕವನ್ನೇ. ಬೆಟ್ಟಗುಡ್ಡದ ನಾಡಿನ ಹವ್ಯಾಸಿ ಪುಟ್ಟ ಕ್ಯಾಮೆರಾಕ್ಕೆ ಆಸೆಪಡುವುದರಲ್ಲಿ ಅಚ್ಚರಿಯಿಲ್ಲ, ಅದು ಹುಟ್ಟಿದ್ದೇ ಅಂಥವರಿಗಾಗಿ.

ಭಾರತಕ್ಕೆ ಲೈಕಾ ಬಂದರೂ ಅದು ರಾಜಮನೆತನದವರಿಗೆ, ಶ್ರೀಮಂತರಿಗೆ. ಸ್ವಾತಂತ್ರ್ಯಾನಂತರ ಆಮದು ನಿರ್ಬಂಧದ ದಶಕಗಳಲ್ಲಿ ಸಾಮಾನ್ಯರ ಕೈಗೆ ಸಿಕ್ಕಿದ್ದು ಬರೋಡಾದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ ಮತ್ತು ಐಸೋಲಿ. ಕ್ಲಿಕ್ಕಿನಲ್ಲಿ ಒಂದು ರೋಲಿಗೆ 12 ಚಿತ್ರ, ಐಸೋಲಿಯಲ್ಲಿ 16. ಕಪ್ಪು ಬಿಳುಪಿನ ಫಿಲ್ಮಿಗೆ ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಇತ್ತು. ಮಲೆನಾಡಿನ ಹಳೆಯ ಮನೆಗಳ ಆಲ್ಬಮ್ಮುಗಳನ್ನು ತೆರೆದರೆ ಇದರ ಪರಿಣಾಮ ಕಾಣುತ್ತದೆ. ಎಲ್ಲರೂ ಅಂಗಳದಲ್ಲಿ ನಿಂತಿದ್ದಾರೆ. ಕಾಫಿ ಒಣಗಿಸುವ ಕಣ, ಮದುವೆ ಚಪ್ಪರದ ಹೊರಗು, ಹೊಸ ಜೀಪಿನ ಮುಂದೆ ನಿಂತ ಯಜಮಾನರು. ತೋಟದ ಒಳಗಿನ ಚಿತ್ರ ಇಲ್ಲವೇ ಇಲ್ಲ ಎನ್ನುವಷ್ಟು ಅಪರೂಪ. ಜೀವನದ ಅರ್ಧ ಭಾಗ ಕಳೆದದ್ದು ನೆರಳಿನಲ್ಲಿ, ಆದರೆ ಚಿತ್ರಕ್ಕೆ ಬಂದದ್ದು ಬಿಸಿಲು ಬಿದ್ದ ಅರ್ಧ ಮಾತ್ರ. ಹಣ್ಣು ಕೊಯ್ಯುವ ಕೈಗಳು, ಒಲೆಯ ಮುಂದಿನ ಮುಖಗಳು, ಮಳೆಗಾಲದ ಜಗಲಿ, ಇವುಗಳಿಗೆಲ್ಲ ಆ ಲೆನ್ಸಿನಲ್ಲಿ ಜಾಗವಿರಲಿಲ್ಲ.

ಬೆಂಗಳೂರಿನಲ್ಲಿ ಅಷ್ಟರಲ್ಲಿ ಗಂಭೀರ ಹವ್ಯಾಸಿಗಳ ಪರಂಪರೆಯೊಂದು ಬೆಳೆದಿತ್ತು. ಒ.ಸಿ. ಎಡ್ವರ್ಡ್ಸ್, ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರಂಥ ವನ್ಯಜೀವಿ ಛಾಯಾಗ್ರಾಹಕರು, ರಾಜ್ಯದ ಹಣಕಾಸು ಸಚಿವರಾಗಿದ್ದ ಸಂಡೂರಿನ ಎಂ.ವೈ. ಘೋರ್ಪಡೆ, 1971ರಲ್ಲಿ ಹುಟ್ಟಿದ ಯೂತ್ ಫೋಟೊಗ್ರಾಫಿಕ್ ಸೊಸೈಟಿ, ಇವರಿಂದಾಗಿ ಕರ್ನಾಟಕದ ವನ್ಯಜೀವಿ ಛಾಯಾಗ್ರಹಣಕ್ಕೆ ದೇಶದಲ್ಲೇ ಹೆಸರು ಬಂತು. ಇವರಲ್ಲಿ ಹಲವರು ಹೊಟ್ಟೆಪಾಡಿಗೆ ಕ್ಯಾಮೆರಾ ಹಿಡಿದವರಲ್ಲ ಎಂಬುದು ಗಮನಿಸಬೇಕಾದ ಮಾತು. ಹವ್ಯಾಸಿ ಎಂದರೆ ಕಲಿಯುವವನು ಎಂಬ ಅರ್ಥ ಇಲ್ಲಿ ಎಂದೂ ಇರಲಿಲ್ಲ.

ಕಾಫಿ ಸೀಮೆಯಲ್ಲಿ ಈ ಹವ್ಯಾಸದ ಹೆಸರೆಂದರೆ ಕೆ.ಪಿ. ಪೂರ್ಣಚಂದ್ರ ತೇಜಸ್ವಿ. 1960ರ ದಶಕದಲ್ಲಿ ಮೂಡಿಗೆರೆಯ ಕಡೆ ತೋಟ ಮಾಡಿಕೊಂಡು ನೆಲೆಸಿದ ಅವರು ಕಾದಂಬರಿ, ಕಥೆಗಳ ಜೊತೆಜೊತೆಗೇ ಮೀನು ಹಿಡಿದರು, ಹಕ್ಕಿಗಳ ಹಿಂದೆ ಕ್ಯಾಮೆರಾ ಹಿಡಿದು ಅಲೆದರು. 1980ರಲ್ಲಿ ಬಂದ ‘ಕರ್ವಾಲೊ’ದಲ್ಲಿ ಹಾರುವ ಓತಿಯನ್ನು ಹುಡುಕಿ ಹೊರಡುವ ವಿಚಿತ್ರ ತಂಡದೊಳಗೆ ಫೋಟೊ ತೆಗೆಯುವ ಪ್ರಭಾಕರನೂ ಒಬ್ಬ. ವಿಜ್ಞಾನಿ, ಬೆಳೆಗಾರ, ಹಳ್ಳಿಯ ಮಂದಣ್ಣ ಇವರ ಸಾಲಿನಲ್ಲಿ ಕ್ಯಾಮೆರಾದವನಿಗೂ ಒಂದು ಸ್ಥಾನ ಕೊಟ್ಟದ್ದು ಕಥೆಯ ಅಲಂಕಾರಕ್ಕಲ್ಲ. ಆ ಕಾಡಿನಲ್ಲಿ ನೋಡುವುದು ಎಷ್ಟು ಕಷ್ಟದ ಕೆಲಸ ಎಂಬುದು ತೇಜಸ್ವಿಯವರಿಗೆ ಗೊತ್ತಿತ್ತು. ‘ಕನ್ನಡ ನಾಡಿನ ಹಕ್ಕಿಗಳು’, ‘ಮಿಂಚುಳ್ಳಿ’, ‘ಹಕ್ಕಿಪುಕ್ಕ’ ಮುಂತಾದ ಪುಸ್ತಕಗಳು ಆ ನೋಟದಿಂದ ಬಂದವು.

ಇಲ್ಲಿ ಒಂದು ಮಾತನ್ನು ನೇರವಾಗಿ ಹೇಳಿಬಿಡುವುದು ಒಳ್ಳೆಯದು. ತೇಜಸ್ವಿಯವರ ಹಕ್ಕಿ ಚಿತ್ರಗಳನ್ನು ಕಂಡು ಅಂಥವನ್ನೇ ತೆಗೆಯಬೇಕೆಂದು ಹೊರಟವರು ಜೇಬಿನ ಕ್ಯಾಮೆರಾ ಕೊಳ್ಳಬಾರದು, ಅದೆಷ್ಟೇ ದುಬಾರಿಯಾಗಿರಲಿ. ಕಾಜಾಣವೋ ಮಂಗಟ್ಟೆಯೋ ಚೌಕಟ್ಟು ತುಂಬಬೇಕಾದರೆ 300, 400 ಮಿಲಿಮೀಟರಿನ ಉದ್ದ ಲೆನ್ಸು ಬೇಕು. ದೂರದಿಂದ ಬರುವ ಕೊಂಚ ಬೆಳಕನ್ನು ಹಿಡಿಯಲು ಆ ಲೆನ್ಸಿನ ಬಾಯಿ ಅಗಲವಾಗಿರಬೇಕು. ಅಂಥ ಗಾಜಿಗೆ ತೂಕವಿದ್ದೇ ಇರುತ್ತದೆ. ಮರೆ ಕಟ್ಟಿಕೊಂಡು, ಮುಕ್ಕಾಲಿ ನಿಲ್ಲಿಸಿ, ಕಾಲಿಗೆ ಹತ್ತುವ ಉಂಬಳಗಳಿಗೆ ರಕ್ತದಾನ ಮಾಡುತ್ತ ಗಂಟೆಗಟ್ಟಲೆ ಕೂರುವುದು ಆ ಹವ್ಯಾಸದ ಒಂದು ಭಾಗ. ಭೌತಶಾಸ್ತ್ರ ಅದಕ್ಕೆ ರಿಯಾಯಿತಿ ಕೊಡುವುದಿಲ್ಲ. ಪುಟ್ಟ ಕ್ಯಾಮೆರಾದ ಲೋಕವೇ ಬೇರೆ. ಅದು ತೋಳಳತೆಯಿಂದ ಹತ್ತು ಹೆಜ್ಜೆಯೊಳಗಿನ ಲೋಕ: ಮುಖ, ಕೈ, ಅಂಗಳ, ಕಪ್ಪೆ, ಅಣಬೆ, ಹೂ ಬಿಟ್ಟ ಕಾಫಿ ಗಿಡ. ಹಳೆಯ ಆಲ್ಬಮ್ಮುಗಳಲ್ಲಿ ಬಿಟ್ಟುಹೋದದ್ದು ಇದೇ.

ಈ ಲೋಕವನ್ನು ನೆರಳಿನಲ್ಲಿ ಹಿಡಿಯಲು ಏನು ಬೇಕು ಎಂಬುದಕ್ಕೆ ಸ್ವಲ್ಪ ಲೆಕ್ಕ ಮಾಡಿ ನೋಡಬಹುದು. ಮಳೆಗಾಲದ ತೋಟದೊಳಗೆ ಬಯಲು ಬಿಸಿಲಿನ 250ರಲ್ಲಿ ಒಂದು ಪಾಲು ಬೆಳಕಿದೆ ಎಂದಿಟ್ಟುಕೊಳ್ಳಿ. ನೂರರ ವೇಗದ ಫಿಲ್ಮು ಹಾಕಿ, ಸಾಧಾರಣ ಲೆನ್ಸಿನ ಬಾಯನ್ನು ಎಫ್/5.6ರಷ್ಟು ತೆರೆದರೆ ಶಟರು ಸೆಕೆಂಡಿನ ಕಾಲು ಭಾಗ ತೆರೆದಿರಬೇಕಾಗುತ್ತದೆ. ಅಷ್ಟರಲ್ಲಿ ಹಿಡಿದ ಕೈಯೂ ನಡುಗುತ್ತದೆ, ಕೊಯ್ಯುವ ಕೈಯೂ ಚಲಿಸುತ್ತದೆ. ಅದೇ ಎಫ್/2ರ ಲೆನ್ಸಾದರೆ ಎಂಟು ಪಟ್ಟು ಬೆಳಕು ಒಳಗೆ ಬಂದು, ಸೆಕೆಂಡಿನ ಮೂವತ್ತನೇ ಒಂದು ಭಾಗ ಸಾಕು. ಸಂವೇದನೆಯನ್ನು ನೂರರಿಂದ ಎಂಟುನೂರಕ್ಕೆ ಏರಿಸಿದರೆ ಇನ್ನೂರೈವತ್ತನೇ ಒಂದು ಭಾಗ. ಆಗ ಕೊಯ್ಯುವ ಕೈ ಸ್ಪಷ್ಟವಾಗಿ ನಿಲ್ಲುತ್ತದೆ. ಫಿಲ್ಮಿನ ಕಾಲದಲ್ಲಿ ಹೀಗೆ ಏರಿಸುವುದು ಸುಲಭವಿರಲಿಲ್ಲ. ಹವ್ಯಾಸಿಗಳ ಮೆಚ್ಚಿನ ಕೊಡಾಕ್ರೋಮ್ ಸ್ಲೈಡಿನ ವೇಗ 25 ಅಥವಾ 64. ವೇಗದ ಫಿಲ್ಮು ಹಾಕಿದರೆ ಚಿತ್ರದಲ್ಲಿ ಮರಳು ಚೆಲ್ಲಿದಂತೆ ಕಾಳು. ಅಲ್ಲದೆ 36 ಚಿತ್ರ ಮುಗಿಯುವವರೆಗೆ ಅದೇ ಫಿಲ್ಮು.

ಇಲ್ಲಿಯೇ ಡಿಜಿಟಲ್ ಬಂದು ಲೆಕ್ಕವನ್ನು ಬದಲಿಸಿದ್ದು. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಬೆಳಕನ್ನು ವಿದ್ಯುತ್ತಾಗಿ ಹಿಡಿದಿಡುವ ಸಿಸಿಡಿ ಫಲಕವನ್ನು ರೂಪಿಸಿದರು. ಅದಕ್ಕಾಗಿ ಅವರಿಗೆ ನಲವತ್ತು ವರ್ಷಗಳ ಮೇಲೆ, 2009ರಲ್ಲಿ, ನೊಬೆಲ್ ಪ್ರಶಸ್ತಿಯ ಪಾಲು ಬಂತು. 1975ರಲ್ಲಿ ಕೊಡಕ್‌ನ ಯುವ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಅಂಥದೊಂದು ಫಲಕ ಬಳಸಿ ಕ್ಯಾಮೆರಾ ಜೋಡಿಸಿದ. ಮೂರೂವರೆ ಕಿಲೋ ಮೀರಿದ ತೂಕ, ಹತ್ತು ಸಾವಿರ ಚುಕ್ಕಿಗಳ ಕಪ್ಪು ಬಿಳುಪು ಚಿತ್ರ, ಅದನ್ನು ಕ್ಯಾಸೆಟ್ಟಿಗೆ ಬರೆಯಲು 23 ಸೆಕೆಂಡು. ಅದನ್ನು ಕಂಡುಹಿಡಿದ ಕಂಪನಿಯೇ ಫಿಲ್ಮಿನ ವ್ಯಾಪಾರವನ್ನು ನಂಬಿ ಕೂತು 2012ರಲ್ಲಿ ದಿವಾಳಿ ಅರ್ಜಿ ಹಾಕಬೇಕಾಯಿತು.

2000ದ ನಂತರ ಜೇಬಿನ ಡಿಜಿಟಲ್ ಕ್ಯಾಮೆರಾಗಳು ಪೇಟೆಯಲ್ಲಿ ತುಂಬಿಹೋದವು. ಮೂರು ಮೆಗಾಪಿಕ್ಸೆಲ್ ಐದಾಯಿತು, ಎಂಟಾಯಿತು, ಹನ್ನೆರಡಾಯಿತು. ಒಳಗಿನ ಸೆನ್ಸರ್ ಮಾತ್ರ ಕಿರುಬೆರಳಿನ ಉಗುರಿಗಿಂತ ಚಿಕ್ಕದು, 6x4.5 ಮಿಲಿಮೀಟರ್ ಸುಮಾರು. ಬಿಸಿಲಿನಲ್ಲಿ ಚೆಂದ. ತೋಟದೊಳಗೆ ಬಂದರೆ ಮತ್ತೆ ಅದೇ ಮರಳು.

ಕಾರಣವನ್ನು ಕಾಫಿ ಬೆಳೆಗಾರರಿಗೆ ವಿವರಿಸುವುದು ಸುಲಭ. ಇಂಚು, ಸೆಂಟುಗಳಲ್ಲಿ ಮಳೆಯನ್ನು ಬರೆದಿಡುವ ಅಭ್ಯಾಸ ಇಲ್ಲಿನ ಮನೆಮನೆಯಲ್ಲೂ ಉಂಟು. ಜೋರು ಮಳೆಯಲ್ಲಿ ಅಂಗಳದಲ್ಲಿ ಎರಡು ಕಾಫಿ ಲೋಟಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಎರಡರಲ್ಲೂ ಸಮವಾಗಿ ನೀರು ನಿಲ್ಲುತ್ತದೆ. ತುಂತುರು ಹನಿಯಲ್ಲಿ ಎರಡು ನಿಮಿಷ ಇಟ್ಟು ನೋಡಿದರೆ ಒಂದರಲ್ಲಿ ಏಳು ಹನಿ, ಇನ್ನೊಂದರಲ್ಲಿ ಹನ್ನೆರಡು ಬಿದ್ದಿರಬಹುದು. ಬೆಳಕೂ ಹನಿಹನಿಯಾಗಿಯೇ ಬೀಳುತ್ತದೆ. ಸೆನ್ಸರಿನ ಒಂದೊಂದು ಚುಕ್ಕಿಯೂ ಒಂದೊಂದು ಲೋಟ. ಬೆಳಕು ಕಡಿಮೆಯಿದ್ದಾಗ ಸಣ್ಣ ಲೋಟಗಳ ಲೆಕ್ಕ ಒಂದಕ್ಕೊಂದು ತಾಳೆಯಾಗದೆ ಚಿತ್ರದಲ್ಲಿ ಕಾಳು ಕಾಣಿಸುತ್ತದೆ. ಲೋಟದ ಬದಲು ಬೋಗುಣಿಗಳನ್ನಿಟ್ಟರೆ ತುಂತುರಿನಲ್ಲೂ ಲೆಕ್ಕ ಹೆಚ್ಚುಕಡಿಮೆ ಸರಿಹೋಗುತ್ತದೆ. ಚಿಕ್ಕ ಜಾಗದಲ್ಲೇ ಇನ್ನಷ್ಟು ಲೋಟಗಳನ್ನು ತುರುಕುವುದೇ ಮೆಗಾಪಿಕ್ಸೆಲ್ ಪೈಪೋಟಿ. ತಯಾರಕರಿಗೂ ಇದು ತಿಳಿಯದೆ ಇರಲಿಲ್ಲ. 2008ರ ಕ್ಯಾನನ್ ಜಿ10ರಲ್ಲಿ 14.7 ಮೆಗಾಪಿಕ್ಸೆಲ್ ಇದ್ದರೆ, ಮರುವರ್ಷ ಬಂದ ಜಿ11ರಲ್ಲಿ ಹತ್ತಕ್ಕೆ ಇಳಿಸಿದರು. ಹೊಸ ಮಾದರಿಯಲ್ಲಿ ಅಂಕಿಯನ್ನು ಇಳಿಸಿ ಮಾರುವ ಧೈರ್ಯ ವ್ಯಾಪಾರದ ಚರಿತ್ರೆಯಲ್ಲಿ ಪದೇಪದೇ ಕಾಣುವಂಥದ್ದಲ್ಲ.

ಬೋಗುಣಿಯನ್ನು ಜೇಬಿಗೆ ತಂದ ಪ್ರಯತ್ನಗಳು ಆ ವರ್ಷಗಳಲ್ಲೇ ಸಾಲುಗಟ್ಟಿ ಬಂದವು. 2008ರಲ್ಲಿ ಸಿಗ್ಮಾ ಡಿಪಿ1, 2011ರಲ್ಲಿ ಮೊದಲ ಫ್ಯೂಜಿ ಎಕ್ಸ್100, 2012ರಲ್ಲಿ ಸೋನಿ ಆರ್ಎಕ್ಸ್100, 2013ರಲ್ಲಿ ದೊಡ್ಡ ಸೆನ್ಸರಿನ ರಿಕೋ ಜಿಆರ್. ಸೋನಿಯ ಸೆನ್ಸರ್ 13.2x8.8 ಮಿಲಿಮೀಟರ್, ಎಂದರೆ ಸಾಮಾನ್ಯ ಜೇಬಿನ ಕ್ಯಾಮೆರಾದ ನಾಲ್ಕು ಪಟ್ಟು ವಿಸ್ತಾರ. ಫ್ಯೂಜಿ, ರಿಕೋಗಳದ್ದು ಹದಿಮೂರು ಪಟ್ಟು. ರಿಕೋ ತೂಕ 245 ಗ್ರಾಂ, ಕಾಲು ಕಿಲೋ ಕಾಫಿ ಪುಡಿಯ ಪೊಟ್ಟಣದಷ್ಟು. ಬಾರ್ನಾಕ್ ಕಂಡ ಕನಸು ಡಿಜಿಟಲ್ ರೂಪದಲ್ಲಿ ನನಸಾದದ್ದು ಇಲ್ಲಿ. ತೇಜಸ್ವಿಯವರು ಇದನ್ನು ನೋಡಲಿಲ್ಲ. 2007ರ ಏಪ್ರಿಲ್ 5ರಂದು ಅವರು ತೀರಿಕೊಂಡರು, ಈ ಸಾಲಿನ ಮೊದಲ ಕ್ಯಾಮೆರಾ ಬಂದದ್ದು ಅದರ ಮರುವರ್ಷ.

ದೊಡ್ಡ ಸೆನ್ಸರ್ ಎಂದ ಮಾತ್ರಕ್ಕೆ ಎಲ್ಲವೂ ಆಯಿತೆಂದಲ್ಲ. ಲೆನ್ಸಿನ ಬಾಯಿಯ ಅಂಕಿ ನೋಡುವಾಗ ಜೂಮಿನ ಎರಡೂ ತುದಿಗಳನ್ನು ನೋಡಬೇಕು. ಮೊದಲ ಆರ್ಎಕ್ಸ್100 ಅಗಲದ ತುದಿಯಲ್ಲಿ ಎಫ್/1.8, ಜೂಮ್ ಎಳೆದರೆ ಎಫ್/4.9ಕ್ಕೆ ಕುಗ್ಗುತ್ತದೆ, ಏಳು ಪಟ್ಟು ಬೆಳಕು ಕಡಿಮೆ. ಎರಡು ವರ್ಷದ ಮೇಲೆ ಬಂದ ಮೂರನೇ ಮಾದರಿಯಲ್ಲಿ ಜೂಮನ್ನು ಚಿಕ್ಕದು ಮಾಡಿ ಆ ತುದಿಯನ್ನು 2.8ಕ್ಕೆ ತಂದರು. ತೋಟದವರಿಗೆ ಈ ಎರಡನೆಯದೇ ಮೇಲು. ಇನ್ನು ನಡುಕ ತಡೆಯುವ ಸೌಲಭ್ಯ ಕೈಯ ನಡುಕವನ್ನು ತಡೆಯುತ್ತದೆಯೇ ಹೊರತು ಕೊಯ್ಯುವವರ ಬೆರಳುಗಳನ್ನು ನಿಲ್ಲಿಸುವುದಿಲ್ಲ.

ಅಣಬೆ, ಕಪ್ಪೆ, ಹಾವಸೆಗಳ ಹಿಂದೆ ಬಿದ್ದವರಿಗೆ ಲೆಕ್ಕ ತಿರುಗುಮುರುಗಾಗುತ್ತದೆ. ಸೆನ್ಸರ್ ದೊಡ್ಡದಾದಷ್ಟೂ ಹತ್ತಿರದ ವಸ್ತುವಿನಲ್ಲಿ ಸ್ಪಷ್ಟವಾಗಿ ಕಾಣುವ ಆಳ ಕಡಿಮೆ. ಕಪ್ಪೆಯ ಕಣ್ಣು ಸ್ಪಷ್ಟ, ಮೂತಿ ಮಸುಕು. ಚಿಕ್ಕ ಸೆನ್ಸರಿನಲ್ಲಿ ಇಡೀ ಕಪ್ಪೆ ಸ್ಪಷ್ಟ. ಒಲಿಂಪಸ್ ಟಿಜಿ ಸರಣಿಯ ಕ್ಯಾಮೆರಾಗಳು ಸೆನ್ಸರಿನಲ್ಲಿ ಬಡವರು, ಆದರೆ ನೀರಿನೊಳಗೆ ಮುಳುಗಿಸಿದರೂ ಕೆಡುವುದಿಲ್ಲ, ಒಂದು ಸೆಂಟಿಮೀಟರ್ ಹತ್ತಿರದಿಂದಲೂ ಚಿತ್ರ ತೆಗೆಯುತ್ತವೆ. ಕಳಸದ ಕಡೆಯ ಹಳ್ಳಗಳಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತವರಿಗೆ ಲಕ್ಷ ರೂಪಾಯಿಯ ಯಂತ್ರಕ್ಕಿಂತ ಇದೇ ಒಳ್ಳೆಯ ಸಂಗಾತಿ ಎಂದರೆ ತಪ್ಪಿಲ್ಲ.

ಮಂಜಿನ ವಿಷಯಕ್ಕೆ ಬರೋಣ. ಎದುರಿನ ದೃಶ್ಯ ಒಟ್ಟಾರೆ ನಡುಬೂದು ಬಣ್ಣದ್ದೆಂದು ಊಹಿಸಿಕೊಂಡೇ ಕ್ಯಾಮೆರಾದ ಬೆಳಕು ಮಾಪಕ ಕೆಲಸ ಮಾಡುತ್ತದೆ. ದೇವರಮನೆಯ ಮಂಜನ್ನು ತೋರಿಸಿದರೆ ಅದನ್ನೂ ಬೂದು ಮಾಡಿಕೊಡುತ್ತದೆ, ಒಲೆಯ ಹೊಗೆಯಂತೆ. ಮಾರ್ಚ್, ಏಪ್ರಿಲಿನ ಹೂಮಳೆಯ ನಂತರ ಎರಡು ಮೂರು ದಿನ ಮಾತ್ರ ನಿಲ್ಲುವ ಕಾಫಿ ಹೂವಿನ ಬಿಳುಪಿಗೂ ಇದೇ ಗತಿ. ಕಪ್ಪು ಕಂಬಳಿಯನ್ನು ತುಂಬ ತೋರಿಸಿದರೆ ಉಲ್ಟಾ, ಅದನ್ನು ಮಾಸಲು ಬಿಳುಪು ಮಾಡುತ್ತದೆ. ಮಾಪಕದ ಮಾತನ್ನು ಒಂದೆರಡು ಹೆಜ್ಜೆ ತಿದ್ದುವ ಗುಂಡಿ ಕೈಬೆರಳಿಗೆ ಸಿಗುವಂತೆ ಕ್ಯಾಮೆರಾದ ನೆತ್ತಿಯ ಮೇಲಿರಬೇಕು. ಪರದೆಯೊಳಗಿನ ಮೂರನೇ ಪುಟದಲ್ಲಿದ್ದರೆ ಅದನ್ನು ಹುಡುಕುವಷ್ಟರಲ್ಲಿ ಮಂಜೇ ಹೋಗಿರುತ್ತದೆ. ಒದ್ದೆ ಬೆರಳಿಗೆ ಸ್ಪಂದಿಸದ ಪರದೆಗಳೂ ಉಂಟು. ಮಂಜು, ಕಂಬಳಿ ಎರಡೂ ಒಂದೇ ಚಿತ್ರದಲ್ಲಿದ್ದಾಗ ‘ರಾ’ ಎಂಬ ಕಚ್ಚಾ ರೂಪದ ಕಡತ ನೆರವಿಗೆ ಬರುತ್ತದೆ. ಸಾಧಾರಣ ಜೆಪೆಗ್ ಕಡತದಲ್ಲಿ ಪ್ರತಿ ಬಣ್ಣಕ್ಕೂ 256 ಮೆಟ್ಟಿಲು. ಹದಿನಾಲ್ಕು ಬಿಟ್ಟಿನ ಕಚ್ಚಾ ಕಡತದಲ್ಲಿ 16,384. ಕಂಬಳಿಯ ಮಡಿಕೆಗಳು ಆ ಕೆಳಗಿನ ಮೆಟ್ಟಿಲುಗಳಲ್ಲಿ ಅಡಗಿರುತ್ತವೆ, ಮನೆಗೆ ಬಂದ ಮೇಲೆ ಮೇಲಕ್ಕೆತ್ತಿಕೊಳ್ಳಬಹುದು.

ಯಾವ ಪರಿಚಯ ಪತ್ರಿಕೆಯಲ್ಲೂ ಅಚ್ಚಾಗದ, ಆದರೆ ಮಲೆನಾಡಿನಲ್ಲಿ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಬೂಷ್ಟಿನದು. ಜುಲೈ ತಿಂಗಳಲ್ಲಿ ಗಾಳಿಯ ತೇವಾಂಶ ದಿನಗಟ್ಟಲೆ ನೂರಕ್ಕೆ ತೊಂಬತ್ತರ ಮೇಲೆ ನಿಂತಿರುತ್ತದೆ. ಚಪ್ಪಲಿಗೆ, ಪುಸ್ತಕಕ್ಕೆ, ಬೆಲ್ಟಿಗೆ ಹತ್ತುವ ಬೂಷ್ಟು ಲೆನ್ಸಿಗೂ ಹತ್ತುತ್ತದೆ. ಜೇಡರ ಬಲೆಯಂತೆ ಹರಡಿ, ಕೊನೆಗೆ ಗಾಜಿನ ಲೇಪವನ್ನೇ ತಿನ್ನುತ್ತದೆ. ದೊಡ್ಡ ಕ್ಯಾಮೆರಾದಲ್ಲಿ ಲೆನ್ಸು ಕಳಚಿ ರಿಪೇರಿಗೆ ಕೊಡಬಹುದು. ಜೇಬಿನ ಕ್ಯಾಮೆರಾದಲ್ಲಿ ಲೆನ್ಸು, ಸೆನ್ಸರ್ ಎಲ್ಲ ಒಂದೇ ಗೂಡು. ಒಳಗೆ ಬೂಷ್ಟು ಬಂದರೆ ಇಡೀ ಯಂತ್ರ ಬಿಚ್ಚಬೇಕು. ಇದಕ್ಕಿಂತ ಕೆಟ್ಟದ್ದು, ಹೊರಗೆ ಚಾಚಿ ಒಳಗೆ ಸರಿಯುವ ಲೆನ್ಸು ಸೈಕಲ್ ಪಂಪಿನಂತೆ ಪ್ರತಿ ಸಲವೂ ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ, ಜೊತೆಗೆ ತೇವ, ಧೂಳು. ದುಬಾರಿ ಜೇಬಿನ ಕ್ಯಾಮೆರಾಗಳಲ್ಲಿ ಬಹುಪಾಲಿಗೆ ಮಳೆಯಿಂದ ರಕ್ಷಣೆಯೇ ಇಲ್ಲ ಎಂಬುದು ಕೊಳ್ಳುವವರಿಗೆ ಎಷ್ಟೋ ಸಲ ಕೊಂಡ ಮೇಲೆಯೇ ತಿಳಿಯುತ್ತದೆ. ಲೆನ್ಸು ಚಾಚದ ಎಕ್ಸ್100 ಸರಣಿಯಲ್ಲೂ 2020ರ ಮಾದರಿಯಿಂದ ಈಚೆಗಷ್ಟೇ, ಅದೂ ಮುಂದೊಂದು ಫಿಲ್ಟರ್ ಹಾಕಿಕೊಂಡರೆ, ತುಂತುರಿಗೆ ತಡೆಯಿದೆ.

ಕ್ಯಾಮೆರಾವನ್ನು ಚರ್ಮದ ಚೀಲದಲ್ಲಿಟ್ಟು ಬೀರುವಿಗೆ ಹಾಕುವುದು ಬೂಷ್ಟಿಗೆ ಆಮಂತ್ರಣ ಕೊಟ್ಟಂತೆ. ಅಕ್ಕಿ ಡಬ್ಬಿಯಲ್ಲಿಟ್ಟರೆ ತೇವ ಹೀರುತ್ತದೆ ನಿಜ, ಆದರೆ ಅಕ್ಕಿಯ ಪುಡಿ ಸಂದುಗಳಿಗೆ ಸೇರುತ್ತದೆ. ಬೀರುವಿನ ಒಂದು ಅಂಕಣದಲ್ಲಿ ಸಣ್ಣ ಬಲ್ಬು ಉರಿಸಿಡುವ ಹಳೆಯ ಉಪಾಯಕ್ಕೆ ಮಲೆನಾಡಿನ ಕರೆಂಟು ಸಹಕರಿಸಬೇಕು. ಗಾಳಿಯಾಡದ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್, ಅದು ಬಣ್ಣ ಬದಲಿಸಿದಾಗ ಬಾಣಲೆಯಲ್ಲಿ ಬಿಸಿಮಾಡಿ ಮತ್ತೆ ತುಂಬುವುದು, ಇಷ್ಟು ಮಾಡಿದರೆ ಸಾಕು. ಎಲ್ಲಕ್ಕಿಂತ ಒಳ್ಳೆಯ ಔಷಧಿಯೆಂದರೆ ದಿನವೂ ಬಳಸುವುದು. ಕೈಯಲ್ಲಿ ಆಡುವ, ಬೆಳಕು ಕಾಣುವ ಲೆನ್ಸಿಗೆ ಬೂಷ್ಟು ಬೇಗ ಹತ್ತುವುದಿಲ್ಲ. ಪುಟ್ಟ ಕ್ಯಾಮೆರಾ ಗೆಲ್ಲುವುದೂ ಇಲ್ಲಿಯೇ. ದೊಡ್ಡದು ವಾರಗಟ್ಟಲೆ ಪೆಟ್ಟಿಗೆಯಲ್ಲಿ ಮಲಗಿದರೆ ಇದು ಪ್ರತಿದಿನ ಕೋಟಿನ ಜೇಬಿನಲ್ಲಿ ತೋಟಕ್ಕೆ ಹೋಗಿಬರುತ್ತದೆ.

ಹಾಗಿದ್ದರೆ ಅದೇ ಜೇಬಿನಲ್ಲಿ ಈಗಾಗಲೇ ಇರುವ ಮೊಬೈಲು? ಈ ಪ್ರಶ್ನೆಯನ್ನು ಜಗತ್ತು ಕೇಳಿ ಉತ್ತರವನ್ನೂ ಕೊಟ್ಟಿದೆ. 2010ರಲ್ಲಿ ಜಪಾನಿನ ತಯಾರಕರು 10 ಕೋಟಿಗೂ ಹೆಚ್ಚು ಜೇಬಿನ ಕ್ಯಾಮೆರಾಗಳನ್ನು ಹೊರಗೆ ಕಳಿಸಿದ್ದರು. 2023ರಲ್ಲಿ ಆ ಸಂಖ್ಯೆ 20 ಲಕ್ಷವನ್ನೂ ಮುಟ್ಟಲಿಲ್ಲ. ಅಗ್ಗದವೆಲ್ಲ ಸತ್ತು ದುಬಾರಿಯವು ಮಾತ್ರ ಉಳಿದವು. ಕೆಲವು ಮೊಬೈಲುಗಳಲ್ಲಿ ಸೋನಿ ಆರ್ಎಕ್ಸ್100ರಷ್ಟೇ ದೊಡ್ಡ ಸೆನ್ಸರ್ ಕೂಡ ಬಂದಿದೆ. ಮೊಬೈಲು ಒಂದರ ಹಿಂದೊಂದರಂತೆ ಹಲವು ಚಿತ್ರಗಳನ್ನು ತೆಗೆದು, ಲೆಕ್ಕ ಹಾಕಿ, ಬೆರೆಸಿ ಕತ್ತಲೆಯಲ್ಲೂ ಹೊಳೆಯುವ ಚಿತ್ರ ಕೊಡುತ್ತದೆ. ನಿಂತ ಮರ, ನಿಂತ ಬೆಟ್ಟಕ್ಕೆ ಇದು ಅದ್ಭುತ. ಚಲಿಸುವ ಕೈಗೆ ಬಂದಾಗ ಬೆರೆಸುವ ಲೆಕ್ಕ ಎಡವುತ್ತದೆ. ಇನ್ನೊಂದು ತಕರಾರು ರುಚಿಗೆ ಸೇರಿದ್ದು. ಮುಸ್ಸಂಜೆಯ ಮಬ್ಬನ್ನು ಮೊಬೈಲು ಮಧ್ಯಾಹ್ನ ಮಾಡಿಬಿಡುತ್ತದೆ. ಮಲೆನಾಡಿನ ಮಳೆಗಾಲವನ್ನು ಮಲೆನಾಡಾಗಿಸಿರುವುದೇ ಆ ಮಬ್ಬು. ಅದನ್ನು ಅದರಷ್ಟೇ ಕತ್ತಲೆಯಾಗಿ ಬಿಡುವ ಹಕ್ಕು ಛಾಯಾಗ್ರಾಹಕನಲ್ಲಿ ಉಳಿಯಬೇಕೆಂಬವರಿಗೆ ಗುಂಡಿಗಳಿರುವ ಕ್ಯಾಮೆರಾವೇ ಬೇಕಾಗುತ್ತದೆ. ಬರೀ ನೆನಪಿಗಾಗಿ ಚಿತ್ರ ತೆಗೆಯುವವರು ಲಕ್ಷ ರೂಪಾಯಿ ಉಳಿಸಿಕೊಳ್ಳುವುದೇ ಸರಿ.

ಕೊಳ್ಳಲೇಬೇಕೆಂದು ನಿಶ್ಚಯಿಸಿದವರು ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಪರೀಕ್ಷೆ ಮಾಡಿ ಪ್ರಯೋಜನವಿಲ್ಲ. ಗೆಳೆಯರದ್ದೋ ಬಾಡಿಗೆಯದ್ದೋ ಒಂದು ದಿನದ ಮಟ್ಟಿಗೆ ಕೈಗೆ ಸಿಕ್ಕರೆ, ಮಳೆ ನಿಂತ ಸಂಜೆ ನಾಲ್ಕೂವರೆಗೆ ಹಲಸಿನ ಮರದ ಕೆಳಗೆ ಹೋಗಬೇಕು. ಆ ಹೊತ್ತಿಗೆ ಆಳುಗಳು ಕತ್ತಿ ತೊಳೆದು, ಕೊಪ್ಪೆ ಕೊಡವಿ, ಮನೆಗೆ ಹೊರಡುತ್ತಿರುತ್ತಾರೆ. ಒಪ್ಪಿಗೆ ಕೇಳಿ ಒಬ್ಬರ ಚಿತ್ರ ತೆಗೆಯಬೇಕು, ಫ್ಲಾಷ್ ಇಲ್ಲದೆ. ಆಮೇಲೆ ಅದನ್ನು ಪರದೆಯ ಮೇಲಲ್ಲ, ಚಿಕ್ಕಮಗಳೂರಿನ ಯಾವುದಾದರೂ ಸ್ಟುಡಿಯೋದಲ್ಲಿ ಎಂಟು ಹನ್ನೆರಡು ಇಂಚಿಗೆ ಮುದ್ರಿಸಿ, ಕಿಟಕಿಯ ಬಳಿ ಹಿಡಿದು ನೋಡಬೇಕು. ಕಂಬಳಿಯ ಎಳೆ ಕಾಣುತ್ತದೆಯೇ, ಹಿಂದಿನ ಮಂಜು ಬೆಳ್ಳಗಿದೆಯೇ, ಮುಖ ಅವರದ್ದೇ ಬಣ್ಣದಲ್ಲಿದೆಯೇ. ಮುದ್ರಿಸಿದ ಇನ್ನೊಂದು ಪ್ರತಿಯನ್ನು ಅವರಿಗೇ ಕೊಟ್ಟರೆ ಆ ಮನೆಯಲ್ಲೂ ತೋಟದೊಳಗಿನ ಚಿತ್ರವೊಂದು ಇದ್ದಂತಾಗುತ್ತದೆ.